ಪ್ರದರ್ಶನ ಮೈದಾನದ ಜಮಾ-ಖರ್ಚು

ವರ್ಷಕ್ಕೊಮ್ಮೆ ಜಾನುವಾರು ಸ್ಪರ್ಧೆ, ಮಳಿಗೆಗಳ ಮೇಳ ನಡೆಸುವ ಕೃಷಿ ಪ್ರದರ್ಶನ ಸಂಘವೊಂದರ ವಾರ್ಷಿಕ ಲೆಕ್ಕಪತ್ರ ಕೈಗೆ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಪ್ರದರ್ಶನ ಮುಗಿದ ಮೇಲೆ ಉಳಿದ 360 ಚಿಲ್ಲರೆ ದಿನಗಳಲ್ಲಿ ಮೈದಾನ ಎಷ್ಟು ದುಡಿಯಿತು ಎಂಬ ಲೆಕ್ಕವನ್ನು. ಪ್ರದರ್ಶನದ ಲಾಭ-ನಷ್ಟವನ್ನು ಆಮೇಲೆ ನೋಡಿದರೂ ನಡೆಯುತ್ತದೆ, ಏಕೆಂದರೆ ಅದರಲ್ಲಿ ಅರ್ಧಪಾಲು ಆಕಾಶದ ಕೈಯಲ್ಲಿರುತ್ತದೆ.

ಸದಸ್ಯತ್ವ ಶುಲ್ಕ, ಮಳಿಗೆಗಳ ಬಾಡಿಗೆ, ಪ್ರಾಯೋಜಕರ ಹಣ ಮತ್ತು ಸ್ಪರ್ಧಿಗಳ ಪ್ರವೇಶ ಶುಲ್ಕಗಳು ಬಹುಮಟ್ಟಿಗೆ ಮುಂಚಿತವಾಗಿಯೇ ಬರುತ್ತವೆ. ಗೇಟಿನಲ್ಲಿ ಬರುವ ಟಿಕೆಟ್ ಹಣ ಮಾತ್ರ ಎರಡು-ಮೂರು ದಿನಗಳ ಬಿಸಿಲು ಮಳೆಯನ್ನು ನಂಬಿಕೊಂಡಿರುತ್ತದೆ. ಆದರೆ ಪೆಂಡಾಲು, ತಾತ್ಕಾಲಿಕ ಶೌಚಾಲಯ, ವಿದ್ಯುತ್ ಸಂಪರ್ಕ, ವಿಮೆ, ಪಶುವೈದ್ಯರು, ತೀರ್ಪುಗಾರರ ಪ್ರಯಾಣ ಮುಂತಾದ ಖರ್ಚುಗಳಿಗೆಲ್ಲ ಗೇಟು ತೆರೆಯುವ ಮೊದಲೇ ಸಂಘ ಮಾತು ಕೊಟ್ಟಾಗಿರುತ್ತದೆ. ಇಂಗ್ಲೆಂಡಿನ ಹ್ಯಾರೊಗೇಟ್‌ನಲ್ಲಿ ನಡೆಯುವ ಗ್ರೇಟ್ ಯಾರ್ಕ್‌ಷೈರ್ ಪ್ರದರ್ಶನವನ್ನು 2012ರಲ್ಲಿ ಮೊದಲ ದಿನಕ್ಕೇ ನಿಲ್ಲಿಸಬೇಕಾಯಿತು. ಕಾರಣ, ಸುರಿದ ಮಳೆಗೆ ವಾಹನ ನಿಲುಗಡೆಯ ಹೊಲಗಳು ಕೆಸರಾಗಿದ್ದವು. ಜಾನುವಾರುಗಳು ಬಂದಾಗಿತ್ತು, ಮಳಿಗೆಗಳು ಎದ್ದಾಗಿತ್ತು, ಜನರ ವಾಹನಗಳಿಗೆ ಮಾತ್ರ ನೆಲೆಯಿರಲಿಲ್ಲ. ನೀರು ಬಸಿದು ಹೋಗುವ ನೆಲಕ್ಕೆ ಸುರಿದ ಹಣವನ್ನು ದುಂದು ಎನ್ನುವ ಸದಸ್ಯರಿಗೆ ನಾನು ಈ ಉದಾಹರಣೆಯನ್ನೇ ಹೇಳುತ್ತೇನೆ.

ಸ್ವಂತ ಮೈದಾನವೆಂಬುದು ಈ ಸಂಘಗಳಿಗೆ ತಡವಾಗಿ ಬಂದ ಆಸ್ತಿ. ಇಂಗ್ಲೆಂಡಿನ ರಾಯಲ್ ಕೃಷಿ ಸಂಘ 1839ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮೊದಲ ಪ್ರದರ್ಶನ ನಡೆಸಿ, ಮುಂದೆ ಊರಿಂದೂರಿಗೆ ಸುತ್ತಿ, 1963ರಲ್ಲಿ ಸ್ಟೋನ್‌ಲಿಯಲ್ಲಿ ನೆಲೆ ನಿಂತಿತು. ವೇಲ್ಸ್‌ನ ರಾಯಲ್ ವೆಲ್ಷ್ ಪ್ರದರ್ಶನ ಲಾನೆಲ್ವೆತ್‌ನಲ್ಲಿ ನೆಲೆಗೊಂಡಿದ್ದೂ ಅದೇ ವರ್ಷ; ಸ್ಕಾಟ್ಲೆಂಡಿನ ಹೈಲ್ಯಾಂಡ್ ಪ್ರದರ್ಶನ 1960ರಲ್ಲೇ ಇಂಗ್ಲಿಸ್ಟನ್ ಸೇರಿತ್ತು. ಊರೂರು ಸುತ್ತುವಾಗ ಪ್ರತಿ ವರ್ಷ ಎಲ್ಲವನ್ನೂ ಕಟ್ಟಿ ಬಿಚ್ಚುವ ಖರ್ಚಿತ್ತು. ನೆಲೆ ನಿಂತ ಮೇಲೆ ಆ ಖರ್ಚು ಇಳಿದು, ಚಾವಣಿ, ರಸ್ತೆ, ನೀರಿನ ಕೊಳವೆಗಳನ್ನು ವರ್ಷವಿಡೀ ಸಾಕುವ ಖರ್ಚು ಹೆಗಲೇರಿತು. ಸ್ವಂತ ಜಾಗವಿದ್ದ ಮಾತ್ರಕ್ಕೆ ಪ್ರದರ್ಶನ ಉಳಿಯುತ್ತದೆಂದೂ ಹೇಳಲಾಗದು. ಸ್ಟೋನ್‌ಲಿಯ ರಾಯಲ್ ಪ್ರದರ್ಶನ 2009ರಲ್ಲಿ ಕೊನೆಯ ಬಾರಿ ನಡೆಯಿತು.

ಲೆಕ್ಕಪತ್ರದಲ್ಲಿ ನನ್ನನ್ನು ಅತಿಯಾಗಿ ಕಾಡುವ ಸಾಲು ಸವಕಳಿಯದು. ಕಟ್ಟಡದ ಬೆಲೆಯಲ್ಲಿ ಪ್ರತಿ ವರ್ಷ ಇಷ್ಟು ಕಳೆದು ತೋರಿಸುತ್ತಾರೆ, ಆದರೆ ಅಷ್ಟೇ ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಕೂಡಿಡುವ ಸಂಘಗಳು ನಾನು ಕಂಡ ಮಟ್ಟಿಗೆ ವಿರಳ. ಹೊಸ ಸಭಾಂಗಣಕ್ಕೆ ದಾನಿಗಳು ಸಿಗುತ್ತಾರೆ, ಹಳೆಯ ಚಾವಣಿಯ ತಗಡು ಬದಲಿಸುವುದಕ್ಕೆ ಯಾರೂ ಮುಂದೆ ಬರುವುದಿಲ್ಲ. ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಸಂಘವೊಂದರಲ್ಲಿ ದನ ತೊಳೆಯುವ ಕಾಂಕ್ರೀಟ್ ಕಟ್ಟೆಯ ಇಳಿಜಾರು ಚರಂಡಿಯ ಕಡೆಗಿರದೆ ಕೊಟ್ಟಿಗೆಯ ಕಡೆಗಿತ್ತು. ಬೆಳಗಿನ ಜಾವ ಸ್ಪರ್ಧೆಗೆಂದು ಹಸುಗಳ ಮೈ ತೊಳೆದ ಸೋಪಿನ ನೀರು ಹಾಸಿದ ಹುಲ್ಲಿಗೆ ಹರಿದು, ತೊಳೆದ ಹಸು ಅದರಲ್ಲೇ ಮಲಗಿ ಮತ್ತೆ ಕೊಳಕಾಗುತ್ತಿತ್ತು. ಸಾಕಿದವರು ಗೋಣಿಚೀಲಗಳನ್ನು ಸುರುಳಿ ಸುತ್ತಿ ನೀರಿಗೆ ಅಡ್ಡ ಇಡುತ್ತಿದ್ದರು. ಆ ಕಟ್ಟೆಯನ್ನು ಒಡೆದು ಹಾಕುವ ಪ್ರಸ್ತಾವ ಮೂರು ವರ್ಷ ಮುಂದಕ್ಕೆ ಹೋಯಿತು; ಅದೇ ಅವಧಿಯಲ್ಲಿ ಅತಿಥಿಗಳ ಕೊಠಡಿಗೆ ಹೊಸ ನೆಲಹಾಸು ಬಂದಿತು. ಇದನ್ನು ತಡೆಯಲಾಗದ ಬೇಸರ ನನಗೆ ಇಂದಿಗೂ ಇದೆ, ಏಕೆಂದರೆ ಯಾರ ಪ್ರಾಣಿಗಳಿಂದ ಪ್ರದರ್ಶನ ನಡೆಯುತ್ತದೋ ಅವರೇ ಕೆಸರಿನಲ್ಲಿ ನಿಂತಿದ್ದರು.

ಕೂಡಿಟ್ಟ ನಿಧಿಯ ವಿಷಯದಲ್ಲಿ ನನ್ನದು ಗಟ್ಟಿ ನಿಲುವು: ಒಂದು ಇಡೀ ವರ್ಷ ಪ್ರದರ್ಶನವೇ ನಡೆಯದಿದ್ದರೂ ಸಿಬ್ಬಂದಿಯ ಸಂಬಳ, ವಿಮೆ ಮತ್ತು ದುರಸ್ತಿಗೆ ಸಾಲುವಷ್ಟು ಹಣ ಸಂಘದಲ್ಲಿರಬೇಕು. ಇದು ಅತಿಯಾದ ಭಯವಲ್ಲ. ಬ್ರಿಟನ್ನಿನಲ್ಲಿ 2001ರಲ್ಲಿ ಕಾಲುಬಾಯಿ ರೋಗದಿಂದ ದೊಡ್ಡ ಪ್ರದರ್ಶನಗಳು ರದ್ದಾದವು. 2020ರಲ್ಲಿ ಕೋವಿಡ್‌ನಿಂದ ಸಿಡ್ನಿಯ ರಾಯಲ್ ಈಸ್ಟರ್ ಪ್ರದರ್ಶನವೂ ನಡೆಯಲಿಲ್ಲ. ಅಂಥ ವರ್ಷದಲ್ಲಿ ಸಭಾಂಗಣದ ಬಾಡಿಗೆಯೂ ಜೊತೆಗೇ ನಿಂತುಹೋಗಬಹುದು, ಆದ್ದರಿಂದ ಅದೊಂದನ್ನೇ ನೆಚ್ಚಿ ಕೂರುವಂತಿಲ್ಲ.

ಕೊರತೆ ಬಿದ್ದಾಗ ಮೈದಾನದ ಒಂದು ಮೂಲೆಯನ್ನು ಮಾರಿಬಿಡೋಣ ಎಂಬ ಮಾತು ಸಭೆಯಲ್ಲಿ ಕೇಳಿಬರುವುದುಂಟು. ಬಂದ ಹಣ ಒಂದೆರಡು ವರ್ಷದ ದಿನವಹಿ ಖರ್ಚಿಗೆ ಕರಗಿಹೋಗುತ್ತದೆ. ಮಾರಿದ ಮೂಲೆಯಲ್ಲಿ ಮನೆಗಳೆದ್ದ ಮೇಲೆ ದನಗಳ ವಾಸನೆ, ಧ್ವನಿವರ್ಧಕದ ಸದ್ದಿನ ಬಗ್ಗೆ ದೂರುಗಳು ಶುರುವಾಗಿ, ಉಳಿದ ಮೈದಾನವನ್ನು ಬಾಡಿಗೆಗೆ ಕೊಡುವುದೂ ಕಷ್ಟವಾಗುತ್ತದೆ. ಅದಕ್ಕಿಂತ ಕುದುರೆ ಸವಾರಿ ಸ್ಪರ್ಧೆ, ಯಂತ್ರೋಪಕರಣಗಳ ಹರಾಜು, ಪರೀಕ್ಷೆ, ಮದುವೆಗಳಿಗೆ ಕಟ್ಟಡಗಳನ್ನು ಕೊಟ್ಟು, ಆ ಬಾಡಿಗೆಯಲ್ಲಿ ನಿಗದಿತ ಪಾಲನ್ನು ದುರಸ್ತಿ ನಿಧಿಗೇ ಕಟ್ಟುವಂತೆ ಉಪನಿಯಮದಲ್ಲಿ ಬರೆಯಿಸುವುದು ಲೇಸು. ನಮ್ಮ ಸಂಘದಲ್ಲಿ ಕೊನೆಗೂ ದನ ತೊಳೆಯುವ ಕಟ್ಟೆ ಸರಿಯಾದದ್ದು ಹೀಗೆ ಕೂಡಿದ ಹಣದಿಂದ. ಅದರ ಇಳಿಜಾರು ಈಗ ಚರಂಡಿಯ ಕಡೆಗಿದೆ.