ನಿಂತೂ ನಿಂತೂ ಹಾಳಾದ ವ್ಯಾನು

ವ್ಯಾನಿಗೆ ಕರ್ಟನ್ ಯಾವ ಬಣ್ಣದ್ದು ಹಾಕ್ಸೋದು ಅಂತ ನಾನೂ ನನ್ನ ಹೆಂಡ್ತೀನೂ ಎರಡು ದಿನ ಕಿತ್ತಾಡಿದ್ವಿ. ಮೂರನೇ ದಿನ ಅಳತೆ ತಗೊಳ್ಳೋಣ ಅಂತ ಹಿಂದಿನ ಬೆಂಚ್ ಸೀಟ್ ಎತ್ತಿದ್ರೆ, ಕೆಳಗಿದ್ದ ಪ್ಲೈವುಡ್ ಒಳಗೆ ಬೆರಳು ಹಂಗೇ ಇಳಿದುಹೋಯ್ತು, ನೆನೆದ ಬಿಸ್ಕತ್ ಥರ. "ರೀ, ಮುಗ್ಗಲು ವಾಸನೆ ಮುಗ್ಗಲು ವಾಸನೆ ಅಂತ ಅವತ್ತಿಂದ ಬಡ್ಕೊಳ್ತಾ ಇದೀನಲ್ಲ" ಅಂದ್ಲು. ಬಡ್ಕೊಳ್ತಿದ್ದಿದ್ದು ನಿಜಾನೇ, ಹಳೇ ಗಾಡಿ ಅಂದ್ಮೇಲೆ ವಾಸನೆ ಇದ್ದಿದ್ದೇ ಬಿಡು ಅಂತಿದ್ದೆ ನಾನು.

ಎರಡು ತಿಂಗಳ ಟ್ರಿಪ್ಪಿಗೆ ಅಂತ ತಗೊಂಡಿದ್ದ ಕ್ಯಾಂಪರ್ ವ್ಯಾನು ಇದು, ಅಂದ್ರೆ ಒಳಗೇ ಮಲಗೋಕೆ, ಅಡುಗೆ ಮಾಡೋಕೆ ಜಾಗ ಇರೋ ಗಾಡಿ. ನಾಲ್ಕು ವರ್ಷ ಬಯಲಲ್ಲಿ ನಿಂತಿತ್ತು, ಕಿಲೋಮೀಟರ್ ಕಮ್ಮಿ ಓಡಿದೆ ಅಂತ ಮೀಟರ್ ನೋಡೇ ಮರುಳಾಗಿದ್ದು. ಈಗ ಗೊತ್ತಾಗ್ತಿದೆ, ಓಡಿ ಸವೆದಿರೋ ಗಾಡಿ ವಾಸಿ, ಎಲ್ಲಿ ಸವೆದಿದೆ ಅಂತ ಕಣ್ಣಿಗಾದ್ರೂ ಕಾಣುತ್ತೆ.

ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕೋದೇ ಒಂದು ದೊಡ್ಡ ಕೆಲಸ, ಯಾಕಂದ್ರೆ ಒದ್ದೆಯಾಗಿರೋ ಜಾಗದ ಮೇಲೆ ತೂತೇ ಇರ್ಲಿಲ್ಲ. ಒಬ್ರು ಮೇಲೆ ಪೈಪ್ ಹಿಡ್ಕೊಂಡು ಕೆಳಗಿನ ಅಂಚಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ ನೀರು ಬಿಡ್ಬೇಕು, ಇನ್ನೊಬ್ರು ಒಳಗೆ ಟಾರ್ಚ್ ಹಿಡ್ಕೊಂಡು ಕೂತಿರ್ಬೇಕು. ಕೊನೆಗೆ ನೋಡಿದ್ರೆ ಒಂದು ಮೀಟರ್ ಮುಂದೆ ಇರೋ ರೂಫ್ ವೆಂಟಿಂದ, ಅಂದ್ರೆ ಚಾವಣಿಯ ಗಾಳಿಕಿಂಡಿಯಿಂದ ಇಳಿದು, ಸೀಲಿಂಗ್ ಒಳಗಡೆಯಿಂದಲೇ ಹರ್ಕೊಂಡು ಹಿಂದಕ್ಕೆ ಬರ್ತಿತ್ತು. ಹಿಂದಿನ ಓನರ್ ಸೋರಿದಾಗೆಲ್ಲ ಸಿಲಿಕೋನ್ ಮೇಲೆ ಸಿಲಿಕೋನ್ ಮೆತ್ತಿದಾನೆ ಪುಣ್ಯಾತ್ಮ. ಹಳೇ ಸಿಲಿಕೋನಿಗೆ ಹೊಸದೂ ಸರಿಯಾಗಿ ಅಂಟಲ್ಲ, ಬೇರೆ ಸೀಲಂಟೂ ಅಂಟಲ್ಲ. ಪೂರ್ತಿ ಕೆರೆದು ತೆಗೆಯೋಕೆ ಒಂದಿಡೀ ಭಾನುವಾರ ಹೋಯ್ತು, ಉಗುರು ಕಿತ್ಕೊಂಡೆ, ಆಮೇಲೆ ನೀರು ಇಳಿಯದ ಹಾಗೆ ಅಂಟಿಕೊಳ್ಳೋ ಬ್ಯುಟೈಲ್ ಅನ್ನೋ ಮೆತ್ತನೆ ರಬ್ಬರ್ ಟೇಪ್ ಹಾಕಿ ವೆಂಟ್ ಕೂರಿಸಿದೆ.

ಟೈರ್ ಕಥೆ ಇದಕ್ಕಿಂತ ಚೆಂದ. ಬಟನ್, ಅಂದ್ರೆ ರಸ್ತೆಗೆ ತಾಗೋ ಕಡೆ ಇರೋ ಹಲ್ಲು ನೋಡಿದ್ರೆ ಹೊಸದರ ಥರಾನೇ ಇದೆ, ಬದಲಾಯಿಸೋದೇ ಬೇಡ ಅಂದ್ಕೊಂಡಿದ್ದೆ. ಪಕ್ಕದಲ್ಲಿ ಡಿಓಟಿ ಅಂತ ಬರೆದಿರೋ ಕಡೆ ಕೊನೇ ನಾಲ್ಕು ಅಂಕಿ ನೋಡಿ, ನಂದ್ರಲ್ಲಿ 1113 ಅಂತಿತ್ತು, ಅಂದ್ರೆ 2013ರ 11ನೇ ವಾರ ತಯಾರಾಗಿದ್ದು. ಒರೆಸಿ ನೋಡಿದ್ರೆ ಸೈಡಲ್ಲೆಲ್ಲ ಕೂದಲೆಳೆ ಥರ ಬಿರುಕು. ಸ್ಟೆಪ್ನಿ ಅದಕ್ಕಿಂತ ಹಳೇದು! ಐದಕ್ಕೆ ಐದೂ ಹೊಸದು ಹಾಕ್ಸಿದೆ, ಕರ್ಟನ್ ದುಡ್ಡು ಅಲ್ಲಿಗೆ ಗೋವಿಂದ.

ಬ್ರೇಕ್ ಆಯಿಲ್ ಮುಚ್ಚಳ ತೆಗೆದ್ರೆ ಕಾಫಿ ಬಣ್ಣ. ಇದು ಗಾಳೀಲಿರೋ ತೇವ ಹೀರ್ಕೊಳ್ಳುತ್ತೆ, ಗಾಡಿ ನಿಂತಿದ್ರೂ ಹೀರ್ತಾನೇ ಇರುತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಲ್ಲ, ತೇವ ಸೇರಿದ ಮೇಲಿನ ಲೆಕ್ಕ 155 ಡಿಗ್ರಿ ಅಷ್ಟೇ. ಸಾಮಾನು ತುಂಬಿರೋ ವ್ಯಾನು ಉದ್ದದ ಘಾಟಿ ಇಳಿಯುವಾಗ ಬ್ರೇಕ್ ಕಾದು ಒಳಗೆ ಆವಿ ಗುಳ್ಳೆ ಎದ್ರೆ ಪೆಡಲ್ ನೆಲಕ್ಕೆ ಹೋಗುತ್ತೆ, ವ್ಯಾನ್ ಮಾತ್ರ ನಿಲ್ಲಲ್ಲ. ರೇಡಿಯೇಟರ್ ಹೋಸ್, ಬೆಲ್ಟು, ಡೀಸೆಲ್ ಪೈಪು ಇವೆಲ್ಲ ಯೋಚನೆ ಮಾಡ್ದೇ ಬದಲಾಯಿಸ್ಬಿಟ್ಟೆ, ಹಳೇ ಬೆಲ್ಟ್ ಒಂದನ್ನ ಮಾತ್ರ ಇರ್ಲಿ ಅಂತ ಡಿಕ್ಕೀಲಿ ಇಟ್ಕೊಂಡಿದೀನಿ.

ನಿಜವಾಗ್ಲೂ ಹೆದರಿಕೆ ಆಗಿದ್ದು ಗ್ಯಾಸ್ ವಿಷಯದಲ್ಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲೇ ಕೂತ್ಕೊಳ್ಳುತ್ತೆ, ಅದು ಆಚೆ ಹೋಗ್ಲಿ ಅಂತಾನೇ ಸಿಲಿಂಡರ್ ಇಡೋ ಜಾಗದ ತಳದಲ್ಲಿ ತೂತು ಬಿಟ್ಟಿರ್ತಾರೆ. ನಮ್ಮ ಪುಣ್ಯಾತ್ಮ ಅದರ ಮೇಲೆ ನೀಟಾಗಿ ಮ್ಯಾಟ್ ಅಂಟಿಸಿದ್ದ. ಸೋಪ್ ನೀರು ಹಚ್ಚಿ ನೋಡಿದ್ರೆ ರೆಗ್ಯುಲೇಟರ್ ಹತ್ರ ಸಣ್ಣ ಸಣ್ಣ ಗುಳ್ಳೆ ಬೇರೆ. ಮ್ಯಾಟ್ ಕಿತ್ತೆಸೆದು, ರೆಗ್ಯುಲೇಟರ್ರೂ ಪೈಪೂ ಎರಡೂ ಹೊಸದು ಹಾಕ್ಸಿ, ಮಲಗೋ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿದೆ. ಒಲೆ ಸರಿಯಾಗಿ ಉರೀದಿದ್ರೆ ಬರೋ ಆ ವಿಷದ ಗಾಳಿಗೆ ವಾಸನೆನೇ ಇಲ್ವಲ್ಲ, ಹೆಂಡ್ತಿ ಮೂಗಿಗೂ ಸಿಗಲ್ಲ.

ಬ್ಯಾಟರಿ, ಫ್ಯೂಸು ಅಂಥ ತಲೆನೋವೇನೂ ಕೊಡ್ಲಿಲ್ಲ. ತೂಕ ಕೊಡ್ತು. ನೀರಿನ ಟ್ಯಾಂಕ್ 70 ಲೀಟರ್, ತುಂಬಿಸಿದ್ರೆ ಅದೇ 70 ಕೆಜಿ, ಅಂದ್ರೆ ಇನ್ನೊಬ್ಬ ಆಸಾಮಿ ಹತ್ತಿ ಕೂತಂಗೆ. ವೇ ಬ್ರಿಡ್ಜಿಗೆ ಹೋಗಿ ತೂಗಿಸಿದ್ಮೇಲೆ ನನ್ನ ಟೂಲ್ ಬಾಕ್ಸಲ್ಲಿ ಅರ್ಧ ಇಳಿಸಿದೆ, ಅವಳ ಕಬ್ಬಿಣದ ಬಾಣಲೆ ಇಳಿಸೋ ಧೈರ್ಯ ಬರ್ಲಿಲ್ಲ.

ನಿನ್ನೆ ರಾತ್ರಿ ಮನೆ ಮುಂದೇನೇ ನಿಲ್ಲಿಸ್ಕೊಂಡು ಅದರಲ್ಲೇ ಮಲಗಿದ್ವಿ. ಒಳ್ಳೇ ಮಳೆ ಬಂತು, ಎದ್ದು ಸೀಟ್ ಕೆಳಗೆ ಕೈ ಹಾಕಿ ನೋಡ್ದೆ, ಒಣಗಿತ್ತು. ಆದ್ರೆ ಯಾರೂ ನಲ್ಲಿ ಮುಟ್ಟದೇ ಇದ್ರೂ ಹತ್ತು ನಿಮಿಷಕ್ಕೊಂದ್ಸಲ ನೀರಿನ ಪಂಪು ತಾನಾಗೇ ಗುರ್ ಅಂತಿತ್ತು, ಅಂದ್ರೆ ಪೈಪ್ ಎಲ್ಲೋ ಸಣ್ಣಗೆ ಸೋರಿ ಪ್ರೆಶರ್ ಇಳೀತಿರ್ಬೇಕು. ಸಂಜೆ ಸಿಂಕ್ ಕೆಳಗೆ ತಲೆ ತೂರಿಸ್ಬೇಕು. ಕರ್ಟನ್ ಇನ್ನೂ ಹಾಕ್ಸಿಲ್ಲ.