ಅಮ್ಮ ಬಿದ್ದ ವಿಷಯ ನನಗೆ ಮೂರು ವಾರ ಗೊತ್ತೇ ಇರಲಿಲ್ಲ

ಎರಡು ವರ್ಷದ ಹಿಂದೆ ಅಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ನನಗೆ ತಿಳಿದಿದ್ದು ಮೂರು ವಾರ ಆದ ಮೇಲೆ, ಅದೂ ಅಕ್ಕನ ಬಾಯಿ ತಪ್ಪಿ ಬಂದ ಒಂದು ಮಾತಿನಿಂದ. ಆ ಮೂರು ವಾರದಲ್ಲಿ ನಾನು ಮನೆಗೆ ಏನಿಲ್ಲ ಅಂದರೂ ಹತ್ತು ಸಲ ಫೋನ್ ಮಾಡಿದ್ದೆ. ನಾಲ್ಕು ಸಲ ವಿಡಿಯೋ ಕಾಲ್ ಕೂಡ. ಅಮ್ಮನ ಮುಖ ಕಾಣಿಸುತ್ತಿತ್ತು, ಪ್ಲಾಸ್ಟರ್ ಹಾಕಿದ ಕೈ ಕಾಣಿಸುತ್ತಿರಲಿಲ್ಲ. "ಹೇಗಿದ್ದೀಯಮ್ಮ?" ಅಂದರೆ "ಚೆನ್ನಾಗಿದ್ದೀನಿ ಕಣೇ, ನೀನು?" ಅನ್ನುತ್ತಿದ್ದಳು, ನಾನೂ ಚೆನ್ನಾಗಿದ್ದೀನಿ ಅನ್ನುತ್ತಿದ್ದೆ, ಐದು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು.

ಸಿಟ್ಟು ಬಂತು, ಅಳುವೂ ಬಂತು. ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಅಪ್ಪ ಹೇಳಿದ್ದು ಒಂದೇ ಮಾತು: "ಅಷ್ಟು ದೂರ ಇದ್ದೀಯ, ಸುಮ್ನೆ ಯಾಕೆ ಗಾಬರಿ ಮಾಡೋದು ಅಂತ."

ದೇಶ ಬಿಟ್ಟು ಬಂದವರಿಗೆಲ್ಲ ಈ ಮಾತು ಗೊತ್ತಿರುತ್ತದೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರ ಹೊತ್ತಿಗೆ ಹುಟ್ಟಿದ ದೇಶ ಬಿಟ್ಟು ಬೇರೆ ಕಡೆ ಇರುವವರು ಸುಮಾರು 30 ಕೋಟಿ 40 ಲಕ್ಷ ಜನ. ಇಷ್ಟೂ ಜನರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಹೀಗೆ ಪ್ರೀತಿಯಿಂದ ಮುಚ್ಚಿಟ್ಟ ಸುದ್ದಿಗಳು ಇರುತ್ತವೆ ಅನ್ನಿಸುತ್ತದೆ. ಆದರೆ ಸಿಟ್ಟು ಇಳಿದ ಮೇಲೆ ನನಗೆ ನೆನಪಾಗಿದ್ದು ಬೇರೆ. ಅದರ ಹಿಂದಿನ ವರ್ಷ ನನ್ನ ಕೆಲಸ ಹೋಗಿತ್ತು. ನಾಲ್ಕು ತಿಂಗಳು ಮನೆಯಲ್ಲೇ ಇದ್ದೆ. ಪ್ರತಿ ವಾರ ಅಮ್ಮ "ಕೆಲಸ ಹೇಗಿದೆ?" ಅಂತ ಕೇಳಿದಾಗ "ಪರವಾಗಿಲ್ಲ, ನಡೀತಿದೆ" ಅಂದಿದ್ದೆ. ನಾನು ಮಾಡಿದ್ದೂ ಅದೇ ಅಲ್ವಾ?

ಊರಿನ ನಂಟು ಉಳಿಸಿಕೊಳ್ಳುವುದು ಅಂದರೆ ನಮಗೆ ತಕ್ಷಣ ಹೊಳೆಯುವುದು ವರ್ಷಕ್ಕೊಮ್ಮೆ ಹೋಗಿ ಬರುವುದು, ಅಲ್ಲಿನ ಸುದ್ದಿ ಓದುವುದು, ದುಡ್ಡು ಕಳಿಸುವುದು. ಎಲ್ಲವೂ ಬೇಕು. ಆದರೆ ನಂಟು ಸಡಿಲವಾಗುವುದು ಇವು ನಿಂತಾಗ ಅಲ್ಲ, ಒಬ್ಬರಿಗೊಬ್ಬರು ಬರೀ ಒಳ್ಳೆಯ ಸುದ್ದಿ ಹೇಳುವುದಕ್ಕೆ ಶುರು ಮಾಡಿದಾಗ ಅಂತ ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತದೆ. ಕಷ್ಟ ಹೇಳಿಕೊಳ್ಳದ ಮನೆಯವರು ನಿಧಾನಕ್ಕೆ ನೆಂಟರಾಗಿಬಿಡುತ್ತಾರೆ.

ಆಮೇಲೆ ನಾವು ಒಂದು ಮಾತು ಮಾಡಿಕೊಂಡೆವು. ಏನೇ ಆದರೂ ಅವತ್ತೇ ಹೇಳಬೇಕು, ಎರಡೂ ಕಡೆಯವರು. ನನ್ನ ಕೆಲಸ ಹೋಗಿದ್ದನ್ನು ಮೊದಲು ನಾನೇ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಅವರ ಕೆಲಸ ಒಂದು ಸಲ ಹೋಗಿದ್ದ ಕಥೆ ಹೇಳಿದರು, ಆಗ ನಾನು ಮೂರು ವರ್ಷದವಳಂತೆ, ಮನೆ ಬಾಡಿಗೆ ಕಟ್ಟುವುದಕ್ಕೂ ಒದ್ದಾಡಿದ್ದರಂತೆ. ಆ ಮನೆಯಲ್ಲೇ ಬೆಳೆದ ನನಗೆ ಇದು ಗೊತ್ತೇ ಇರಲಿಲ್ಲ.

ಫೋನ್ ಮಾಡುವ ರೀತಿಯೂ ಬದಲಾಯಿತು. ಮೊದಲು ಭಾನುವಾರ ಸಂಜೆ ಅಂತ ಹೊತ್ತು ಗೊತ್ತು ಮಾಡಿಕೊಂಡಿದ್ದೆವು. ಇಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ, ಅಲ್ಲಿ ಮಾಡುವುದಿಲ್ಲ, ಹಾಗಾಗಿ ವರ್ಷದಲ್ಲಿ ಒಂದು ಸಲ ನನ್ನ ಫೋನ್ ಒಂದು ಗಂಟೆ ಮೊದಲೇ ಹೋಗುತ್ತಿತ್ತು, ಇನ್ನೊಂದು ಸಲ ಅಮ್ಮ ಒಂದು ಗಂಟೆ ಸುಮ್ನೆ ಕಾಯುತ್ತಾ ಕೂತಿರುತ್ತಿದ್ದಳು. ಈಗ ಆ ಲೆಕ್ಕ ಬಿಟ್ಟಿದ್ದೇವೆ. ನಾನು ಬಟ್ಟೆ ಮಡಚುವಾಗಲೋ ಪಾತ್ರೆ ತೊಳೆಯುವಾಗಲೋ ಫೋನ್ ಹಚ್ಚಿ ಪಕ್ಕಕ್ಕೆ ಇಡುತ್ತೇನೆ. ಅವಳು ಅವಳ ಕೆಲಸ ಮಾಡಿಕೊಳ್ಳುತ್ತಾಳೆ. ಒಂದೊಂದು ಸಲ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಅಲ್ಲಿ ಬಾಗಿಲು ಬಡಿದ ಸದ್ದು, ಯಾರೋ ಬಂದು ಹೋದ ಸದ್ದು ಕೇಳಿಸುತ್ತದೆ, "ಯಾರಮ್ಮ ಅದು?" ಅಂತ ಕೇಳುತ್ತೇನೆ. ಆ ಉತ್ತರದಿಂದ ಎಷ್ಟೆಷ್ಟೋ ವಿಷಯ ಬಿಚ್ಚಿಕೊಳ್ಳುತ್ತದೆ, "ಏನು ಸಮಾಚಾರ?" ಅಂತ ಕೇಳಿದ್ದರೆ ಒಂದೂ ಬರುತ್ತಿರಲಿಲ್ಲ.

ಮಗನ ಭಾಷೆಯದು ಇನ್ನೊಂದು ಚಿಂತೆ. ಅವನಿಗೆ ಆರು ವರ್ಷ. ದೊಡ್ಡವರಾದ ಮೇಲೆ ದೇಶ ಬಿಟ್ಟವರಿಗೆ ತಾಯಿನುಡಿ ಪೂರ್ತಿ ಮರೆಯುವುದು ತೀರಾ ಅಪರೂಪ, ಸರಿಯಾದ ಪದ ಹೊಳೆಯುವುದು ತಡವಾಗುತ್ತದೆ ಅಷ್ಟೇ. ಮಕ್ಕಳ ವಿಷಯ ಹಾಗಲ್ಲ, ಚಿಕ್ಕ ವಯಸ್ಸಿನಲ್ಲಿ ಬಳಕೆ ನಿಂತರೆ ಬೇಗನೆ ಕಳೆದುಹೋಗುತ್ತದೆ. ನನ್ನ ಮಗ ಎಲ್ಲ ಅರ್ಥ ಮಾಡಿಕೊಳ್ಳುತ್ತಿದ್ದ, ಉತ್ತರ ಮಾತ್ರ ಶಾಲೆಯ ಭಾಷೆಯಲ್ಲಿ. ನಾನು ಗದರಿದೆ, ಪುಸ್ತಕ ತಂದೆ, ಏನೂ ಉಪಯೋಗವಾಗಲಿಲ್ಲ. ದಾರಿ ಹುಡುಕಿದವಳು ಅಮ್ಮ. ಅವನು ಮನೆಯಲ್ಲಿರುವ ಒಂದೊಂದು ವಸ್ತು ತಂದು ಪರದೆಗೆ ಹಿಡಿಯಬೇಕು, ಅದಕ್ಕೆ ಏನಂತಾರೆ ಅಂತ ಅಜ್ಜಿ ಹೇಳಬೇಕು, ಆಮೇಲೆ ಅಜ್ಜಿ ಒಂದು ತೋರಿಸಬೇಕು, ಅವನು ಹೇಳಬೇಕು. ಈಗ ಅವನೇ "ಅಜ್ಜಿಗೆ ಫೋನ್ ಮಾಡು" ಅನ್ನುತ್ತಾನೆ. ಅವನಿಗೆ ಅಜ್ಜಿ ಬೇಕು, ಅಜ್ಜಿ ಹತ್ತಿರ ಆ ಭಾಷೆ ಇದೆ, ಅಷ್ಟು ಸಾಕಾಯಿತು.

ಊರ ನೆನಪಿನ ನೋವಿಗೆ 'ನಾಸ್ಟಾಲ್ಜಿಯಾ' ಅಂತ ಹೆಸರಿಟ್ಟವನು 1688ರಲ್ಲಿ ಬಾಸೆಲ್‌ನಲ್ಲಿ ವೈದ್ಯ ಓದುತ್ತಿದ್ದ ಯೊಹಾನೆಸ್ ಹೋಫರ್ ಅನ್ನುವ ಹುಡುಗ. ಗ್ರೀಕಿನಲ್ಲಿ ಮನೆಗೆ ಮರಳುವುದು ಮತ್ತು ನೋವು ಅನ್ನುವ ಎರಡು ಪದ ಸೇರಿಸಿ ಮಾಡಿದ್ದು. ಅವನಿಗೆ ಅದು ನಿಜವಾದ ಕಾಯಿಲೆ, ಮದ್ದು ಅಂದರೆ ಊರಿಗೆ ವಾಪಸ್ ಕಳಿಸುವುದು. ಆದರೆ ನಾನು ಮರಳಬೇಕು ಅಂದುಕೊಳ್ಳುವ ಊರು ನಾನು ಬಿಟ್ಟು ಬಂದ ದಿನದ ಊರು. ಹೋದ ಸಲ ಹೋದಾಗ ನಮ್ಮ ಬೀದಿಯ ತಿರುವು ನನಗೇ ಗೊತ್ತಾಗಲಿಲ್ಲ. ಗುರುತಿಗೆ ಇದ್ದ ಮರ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಅಪ್ಪ ಮಾತ್ರ "ಅದು ಬಿದ್ದು ಐದು ವರ್ಷ ಆಯ್ತಲ್ಲ" ಅಂದರು. ಅವರು ಆ ದುಃಖ ದಾಟಿ ಐದು ವರ್ಷ ಆಗಿತ್ತು, ನಾನು ಅವತ್ತು ಶುರು ಮಾಡುತ್ತಿದ್ದೆ. ಅವತ್ತಿನಿಂದ ಅಪ್ಪನಿಗೆ ಒಂದು ಕೆಲಸ ಹಚ್ಚಿದ್ದೇನೆ. ವಾಕಿಂಗ್ ಹೋದಾಗ ದಾರಿಯಲ್ಲಿ ಏನಾದರೂ ಹೊಸದು ಕಂಡರೆ ಒಂದು ಫೋಟೋ ಕಳಿಸಬೇಕು. ಅವರಿಗೆ ಹೊಸದು ಅನ್ನಿಸಿದ್ದು, ನನಗಲ್ಲ. ಅಗೆದ ರಸ್ತೆ, ಬಣ್ಣ ಬಳಿದ ಗೋಡೆ, ಪಕ್ಕದ ಮನೆಗೆ ಬಂದ ನಾಯಿಮರಿ, ಹೀಗೆ ಬರುತ್ತಿರುತ್ತವೆ.

ಹೋದ ವಾರ ಬೆಳಿಗ್ಗೆ ಎದ್ದಾಗ ಅಮ್ಮನ ಒಂದು ವಾಯ್ಸ್ ಮೆಸೇಜ್ ಇತ್ತು. "ಇವತ್ತು ಬಿಪಿ ಸ್ವಲ್ಪ ಜಾಸ್ತಿ ಇತ್ತಂತೆ ಕಣೇ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಹೇಳಬೇಕು ಅಂದಿದ್ದೀಯಲ್ಲ, ಅದಕ್ಕೆ ಹೇಳಿದೆ." ಗಾಬರಿ ಆಯಿತು, ಆಗಲಿಲ್ಲ ಅಂತ ಹೇಳಲಾರೆ. ತಕ್ಷಣ ಫೋನ್ ಮಾಡಿ ಮಾತ್ರೆಯ ಹೆಸರು ಬರೆದುಕೊಂಡೆ, ಸಂಜೆ ಇನ್ನೊಂದು ಸಲ ನೋಡಿಸಿಕೊಂಡು ಹೇಳು ಅಂದೆ. ಹೇಳಿದಳು.