ಜಾಮ್ ಆದ ಪಿಸ್ತೂಲನ್ನು ಮೊದಲು ನೋಡಿ, ಆಮೇಲೆ ಎಳೆಯಿರಿ

ಬೆಂಗಳೂರಿನ ಒಂದು ಶೂಟಿಂಗ್ ರೇಂಜಿನಲ್ಲಿ ಆಯುಧಗಳ ಉಸ್ತುವಾರಿ ನನ್ನ ಕೆಲಸ. ಇಲ್ಲಿಗೆ ಹೊಸ .22 ಸೆಮಿ ಆಟೊಮ್ಯಾಟಿಕ್ ಪಿಸ್ತೂಲು (ಒಂದು ಹೊಡೆದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವಂಥದ್ದು) ತರುವವರಿಗೆ ಅದು ಸುಲಭಕ್ಕೆ ದಕ್ಕಿರುವುದಿಲ್ಲ. ಲೈಸೆನ್ಸು, ಆಮದು ಪರವಾನಗಿ, ಕಸ್ಟಮ್ಸು ಅಂತ ಓಡಾಡಿ, ಕೂಡಿಟ್ಟ ದುಡ್ಡು ಸುರಿದು ತಂದಿರುತ್ತಾರೆ. ಅಂಥದ್ದು ಮೊದಲ ವಾರದಲ್ಲೇ ಪದೇ ಪದೇ ಸಿಕ್ಕಿಕೊಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ? "ಪೀಸೇ ಡಿಫೆಕ್ಟು ಸಾರ್, ವಾಪಸ್ ಕಳಿಸ್ಬಿಡ್ತೀನಿ" ಅನ್ನುತ್ತಾರೆ. ಪೀಸೇ ಕೆಟ್ಟಿದ್ದು ನಾನು ಕಂಡಿರುವುದು ಅಪರೂಪ. ಕಾರಣ ಹೆಚ್ಚಾಗಿ ಮ್ಯಾಗಜಿನ್ನಿನಲ್ಲಿ (ರೌಂಡು ತುಂಬಿಡುವ ಡಬ್ಬಿ), ರೌಂಡಿನಲ್ಲಿ (ಗುಂಡು, ಮದ್ದು, ಕೇಸ್ ಅನ್ನುವ ಲೋಹದ ಕವಚ ಸೇರಿದ ತೋಟಾ), ಎಣ್ಣೆಯಲ್ಲಿ ಅಥವಾ ಮತ್ತೆ ಜೋಡಿಸಿದ ರೀತಿಯಲ್ಲಿ ಸಿಗುತ್ತದೆ.

ಕಾರಣ ಹುಡುಕಲು ಬಿಡದಿರುವುದು ಒಂದು ದುಡುಕು. ಜಾಮ್ ಆದ ಕೂಡಲೇ ಬೋಲ್ಟನ್ನು, ಅಂದರೆ ಹಿಂದೆ ಮುಂದೆ ಓಡಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗವನ್ನು, ಹಿಂದಕ್ಕೆ ಎಳೆದು, ಸಿಕ್ಕಿಕೊಂಡ ರೌಂಡನ್ನು ನೆಲಕ್ಕೆ ಕೆಡವಿ, ಮತ್ತೆ ಹೊಡೆಯಲು ಹೊರಡುತ್ತಾರೆ. ಬೋಲ್ಟ್ ಎಲ್ಲಿ ನಿಂತಿತ್ತು, ಖಾಲಿ ಕೇಸ್ ಎಲ್ಲಿತ್ತು ಎಂಬ ಸಾಕ್ಷಿ ಆ ಒಂದು ಎಳೆತದಲ್ಲೇ ಹೋಗಿಬಿಡುತ್ತದೆ. ಆಮೇಲೆ ನನ್ನ ಹತ್ತಿರ ಬಂದು "ಸುಮ್ನೆ ಜಾಮ್ ಆಯ್ತು" ಅಂದರೆ ನಾನು ಏನಂತ ಹೇಳಲಿ?

ಸ್ಪರ್ಧೆಯ ನಿಯಮವೂ ಇದನ್ನೇ ಕೇಳುತ್ತದೆ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) 25 ಮೀಟರ್ ಸ್ಪರ್ಧೆಯಲ್ಲಿ ಪಿಸ್ತೂಲು ನಿಂತರೆ, ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಖಾಲಿ ಕೈ ಎತ್ತಿ ಅಧಿಕಾರಿಯನ್ನು ಕರೆಯಬೇಕು. ಅವರು ನೋಡುವ ಮುಂಚೆ ಬೋಲ್ಟನ್ನೋ ಸೇಫ್ಟಿಯನ್ನೋ ಮುಟ್ಟಿದರೆ ಅದು ಮಾನ್ಯವಲ್ಲದ ತೊಂದರೆ. ಹೊಡೆಯದೆ ಉಳಿದ ಗುಂಡುಗಳಿಗೆ ಅಂಕವಿಲ್ಲ. ರ‍್ಯಾಪಿಡ್ ಫೈರ್‌ನಲ್ಲಿ ಐದು ಗುರಿಗೆ ಐದು ಗುಂಡು, ಸಮಯ ಎಂಟು ಸೆಕೆಂಡು, ಆರು, ಕೊನೆಗೆ ನಾಲ್ಕು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಆ ನಾಲ್ಕು ಸೆಕೆಂಡಿನ ಒತ್ತಡದಲ್ಲಿ ಕೈ ತಾನಾಗಿ ಬೋಲ್ಟಿನ ಕಡೆ ಹೋಗುತ್ತದೆ. ಹೋಗದ ಹಾಗೆ ಅಭ್ಯಾಸದಲ್ಲೇ ರೂಢಿ ಮಾಡಿಸಬೇಕು.

ಹಾಗಾದರೆ ಏನನ್ನು ನೋಡಬೇಕು? ಖಾಲಿ ಕೇಸ್ ಅರ್ಧ ಹೊರಗೆ ಬಂದು ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಂತಿದ್ದರೆ, ಬೋಲ್ಟ್ ಪೂರ್ತಿ ಹಿಂದೆ ಹೋಗಿಲ್ಲ ಅಥವಾ ಕೇಸನ್ನು ಸರಿಯಾಗಿ ಎಸೆದಿಲ್ಲ ಎಂದು ಅರ್ಥ. ಅಲ್ಲಿ ಮೊದಲ ಅನುಮಾನ ರೌಂಡಿನ ಶಕ್ತಿಯ ಮೇಲೆ, ಆಮೇಲೆ ಹಿಡಿತದ ಮೇಲೆ. ಮಣಿಕಟ್ಟು ಸಡಿಲವಾದರೆ ಬೋಲ್ಟಿನ ಜೊತೆ ಇಡೀ ಪಿಸ್ತೂಲೇ ಹಿಂದೆ ಸರಿಯುತ್ತದೆ, ಬೋಲ್ಟಿಗೆ ಬೇಕಾದ ಓಟ ಸಿಗುವುದಿಲ್ಲ. ಕೇಸನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗೆ ಕೊಳೆ ಕೂತಿದ್ದರೂ ಹೀಗೇ. ಇನ್ನು ಹೊಸ ರೌಂಡಿನ ಮೂತಿ ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ರೌಂಡು ಕೂರುವ ಜಾಗ) ಬಾಯಿಗೆ ಗುದ್ದಿ ನಿಂತಿದ್ದರೆ ಮ್ಯಾಗಜಿನ್ ನೋಡಿ. .22 ರೌಂಡಿನ ತಳದಲ್ಲಿ ಹೊರಚಾಚಿದ ಅಂಚು ಇರುತ್ತದೆ. ತುಂಬುವಾಗ ಮೇಲಿನ ರೌಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಕಚ್ಚಿಕೊಂಡು ಮೇಲಿನದು ಮುಂದಕ್ಕೆ ಜಾರುವುದಿಲ್ಲ. ಇದಕ್ಕೆ ಪಿಸ್ತೂಲು ಬಿಚ್ಚುವ ಅಗತ್ಯವೇ ಇಲ್ಲ.

ಟಿಕ್ ಅಂದು ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವ ರೌಂಡೂ ಇರುತ್ತದೆ. ಆಮೇಲೆ ತೆಗೆದು ಅಂಚಿನ ಮೇಲೆ ಫೈರಿಂಗ್ ಪಿನ್ (ರೌಂಡಿಗೆ ಬಡಿದು ಹೊತ್ತಿಸುವ ಕಡ್ಡಿ) ಬಿದ್ದ ಗುರುತು ನೋಡಿ. ಗುರುತು ಆಳವಾಗಿದ್ದೂ ಹಾರದಿದ್ದರೆ ರೌಂಡಿನ ತಪ್ಪು. ಬರೀ ಗೀಚಿದಂತಿದ್ದರೆ ಬೋಲ್ಟ್ ಪೂರ್ತಿ ಮುಚ್ಚಿರಲಿಲ್ಲ, ಇಲ್ಲವೇ ಪಿನ್ನಿನ ದಾರಿಯಲ್ಲಿ ಕಾರ್ಖಾನೆಯ ಗ್ರೀಸ್ ಇನ್ನೂ ಇದೆ. ಹೊಸ ಪಿಸ್ತೂಲಿನಲ್ಲಿ ನಾನು ಮೊದಲು ಹುಡುಕುವುದು ಈ ಗ್ರೀಸನ್ನೇ. ತುಕ್ಕು ಹಿಡಿಯದಿರಲಿ ಅಂತ ಬಳಿದು ಕಳಿಸಿರುತ್ತಾರೆ, ಅದನ್ನು ಒರೆಸದೆಯೇ ರೇಂಜಿಗೆ ತರುತ್ತಾರೆ. ಮಸಿ, ಸೀಸದ ಪುಡಿ, ರೌಂಡಿನ ಮೇಲಿನ ಮೇಣ ಎಲ್ಲ ಅದಕ್ಕೆ ಅಂಟಿ ಮೆತ್ತಿಕೊಳ್ಳುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾವತ್ತಿನ ಸದ್ದು ಬರದೆ ಟುಸ್ ಅಂದರೆ ನಿಲ್ಲಿಸಿಬಿಡಿ. ಗುಂಡು ನಳಿಗೆಯೊಳಗೇ ನಿಂತಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಮಾಡಿ, ಅಧಿಕಾರಿಯ ಎದುರಿಗೇ ನಳಿಗೆ ಪರೀಕ್ಷಿಸಿದ ಮೇಲೆಯೇ ಮುಂದಿನ ಮಾತು.

ಇನ್ನು ಬಿಚ್ಚಿ ಜೋಡಿಸುವ ವಿಷಯ. ಪೀಣ್ಯದಲ್ಲಿ ಮಷಿನ್ ಶಾಪ್ ನಡೆಸುವ ಸದಸ್ಯರೊಬ್ಬರು ಹೊಸ ಪಿಸ್ತೂಲನ್ನು ಮನೆಯಲ್ಲಿ ಶುದ್ಧ ಮಾಡಿ ತಂದಿದ್ದರು. ಕಬ್ಬಿಣದ ಜೊತೆ ಬಾಳಿದ ಮನುಷ್ಯ, ಕೈ ಚುರುಕು. ಆದರೂ ಬೋಲ್ಟ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಸಂದಿ ಉಳಿಯುತ್ತಿತ್ತು. ಹೆಬ್ಬೆರಳಲ್ಲಿ ದೂಡಿದರೆ ಮುಚ್ಚುತ್ತಿತ್ತು, ಬಿಟ್ಟರೆ ಮತ್ತೆ ಅದೇ. ಖಾಲಿ ಎಂದು ಇಬ್ಬರೂ ನೋಡಿ ಖಚಿತ ಮಾಡಿಕೊಂಡು ರಬ್ಬರ್ ಮ್ಯಾಟಿನ ಮೇಲಿಟ್ಟು, ಬೋಲ್ಟನ್ನು ನಿಧಾನಕ್ಕೆ ಹಿಂದೆ ಮುಂದೆ ಆಡಿಸಿದೆ. ಒಂದೇ ಜಾಗದಲ್ಲಿ ಕಿರಕ್ ಅನ್ನುವುದು ಬೆರಳಿಗೆ ತಾಗಿತು. ಬಿಚ್ಚಿದಾಗ ಬೋಲ್ಟನ್ನು ಮತ್ತೆ ಮುಂದಕ್ಕೆ ದೂಡುವ ರಿಕಾಯಿಲ್ ಸ್ಪ್ರಿಂಗಿನ ತುದಿಯ ಒಂದು ಸುತ್ತು ಉಜ್ಜಿ ಹೊಳೆಯುತ್ತಿತ್ತು.

"ನೋಡಿ ಸಾರ್, ಈ ತುದಿ ಬಿಗಿ, ಆ ತುದಿ ಸಡಿಲ. ಬಿಗಿ ಇರೋದು ರಾಡಿನ ಬುಡಕ್ಕೆ ಹೋಗ್ಬೇಕು" ಅಂದೆ.

"ಎರಡೂ ಒಂದೇ ಥರ ಕಾಣ್ಸ್ತಿತ್ತಲ್ಲ" ಅಂತ ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ತಿರುಗಿಸಿ ಹಾಕಿದ ಮೇಲೆ ಬೋಲ್ಟ್ ತಾನಾಗಿ ಟಕ್ಕೆಂದು ಮುಚ್ಚಿತು.

ಜೋಡಣೆಯ ಕಷ್ಟಕ್ಕೆ ಲೋಕದಲ್ಲೇ ಹೆಸರಾದದ್ದು ಅಮೆರಿಕದ ರೂಗರ್ .22 ಪಿಸ್ತೂಲು. 1949ರಲ್ಲಿ ಬಂದ ಮಾದರಿಯಿಂದ ಮಾರ್ಕ್ 3ರವರೆಗೂ, ಹ್ಯಾಮರಿಗೆ (ಫೈರಿಂಗ್ ಪಿನ್ನಿಗೆ ಬಡಿಯುವ ಸುತ್ತಿಗೆ) ತಗುಲಿದ ಒಂದು ಸಣ್ಣ ಕಡ್ಡಿ ಸ್ಪ್ರಿಂಗಿನ ತಲೆಯ ಗುಳಿಯಲ್ಲೇ ಕೂರಬೇಕು. ಕೂರದಿದ್ದರೆ ಬೋಲ್ಟ್ ಪೂರ್ತಿ ಹಿಂದೆ ಬರುವುದೇ ಇಲ್ಲ. ಕೊನೆಗೆ 2016ರ ಮಾರ್ಕ್ 4ರಲ್ಲಿ ಒಂದು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಏರ್ಪಾಡು ತಂದರು. ಬಲ ಹಾಕಿ ತುರುಕಿದರೆ ಇಂಥ ಕಡೆ ಏನೂ ಪ್ರಯೋಜನವಿಲ್ಲ. ಭಾಗ ಕೂರುತ್ತಿಲ್ಲ ಅಂದರೆ ಅದಕ್ಕೂ ಮುಂಚಿನ ಭಾಗ ತನ್ನ ಜಾಗದಲ್ಲಿಲ್ಲ ಅಂತಲೇ ನಾನು ತಿಳಿಯುತ್ತೇನೆ. ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಕೈಪಿಡಿ ಹೇಳಿದಷ್ಟೇ ಬಿಚ್ಚಿ.

ಜೋಡಿಸಿದ ಮೇಲೆ ಸೀದಾ ಐದು ರೌಂಡ್ ತುಂಬಬೇಡಿ. ರೇಂಜಿನಲ್ಲಿ ಮೊದಲು ಒಂದೇ ಒಂದು ತುಂಬಿ ಹೊಡೆಯಿರಿ, ಆಮೇಲೆ ಎರಡು. ಟ್ರಿಗರ್ ಭಾಗದಲ್ಲಿ ಏನಾದರೂ ಹೆಚ್ಚುಕಡಿಮೆಯಾಗಿ ಒಂದೇ ಒತ್ತಿಗೆ ಎರಡು ಹಾರಿದರೆ, ಅದು ಎರಡಕ್ಕೇ ನಿಲ್ಲುತ್ತದೆ.

ಅರ ಹಿಡಿದು ಟ್ರಿಗರ್ ನಯ ಮಾಡಿಕೊಡಿ, ಮ್ಯಾಗಜಿನ್ ತುಟಿ (ಮೇಲಿನ ರೌಂಡನ್ನು ಹಿಡಿದಿಡುವ ಬಾಯಿಯ ಅಂಚು) ಬಗ್ಗಿಸಿಕೊಡಿ ಅಂತ ಕೇಳುವವರಿಗೆ ನಾನು ಆಗಲ್ಲ ಅನ್ನುತ್ತೇನೆ, ಎಷ್ಟೇ ಬೇಕಾದವರಾಗಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿಗೂ ಲೈಸೆನ್ಸು ಬೇಕು. 25 ಮೀಟರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 1000 ಗ್ರಾಂ ತೂಕ ಎತ್ತಲೇಬೇಕು, ಉಜ್ಜಿ ಹಗುರ ಮಾಡಿದರೆ ಸ್ಪರ್ಧೆಯ ತಪಾಸಣೆಯಲ್ಲೇ ಸಿಕ್ಕಿಬೀಳುತ್ತದೆ. ಹೀಗಾಗಿ ನನ್ನ ಕೈಯಲ್ಲಿ ಬಗೆಹರಿಯದ ಪಿಸ್ತೂಲಿನ ಜೊತೆ ಲೈಸೆನ್ಸುಳ್ಳ ರಿಪೇರಿಯವರಿಗೆ ಒಂದು ಚೀಟಿ ಬರೆದುಕೊಡುತ್ತೇನೆ: ಯಾವ ಮ್ಯಾಗಜಿನ್, ಯಾವ ಬ್ಯಾಚಿನ ರೌಂಡ್, ಸರಣಿಯ ಎಷ್ಟನೇ ಗುಂಡು, ಬೋಲ್ಟ್ ಎಲ್ಲಿ ನಿಂತಿತ್ತು. ಆ ಚೀಟಿ ಇದ್ದರೆ ಅವರು ಎಲ್ಲಿಂದ ಶುರು ಮಾಡಬೇಕು ಅಂತ ಫೋನ್ ಮಾಡಿ ಕೇಳುವುದಿಲ್ಲ.